ನೆಲನೆಲ್ಲಿ, ಇಲಿ ಮತ್ತು ನಮ್ಮ ಲಿವರ್

ಮಳೆ ಹಿಡಿದು ಹದಿನೈದು ದಿನವಾದರೆ ಸಾಕು, ನಮ್ಮೂರ ಅಂಗಳದ ಅಂಚಿನಲ್ಲಿ ನೆಲನೆಲ್ಲಿ ಎದ್ದಿರುತ್ತದೆ. ಗೇಣುದ್ದದ ಗಿಡ. ಎಲೆ ಹುಣಸೆ ಎಲೆಯಂತೆ ಸಣ್ಣ. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಗಳ ಅಡಿಗೆ ಸಾಸಿವೆಗಿಂತ ತುಸು ದೊಡ್ಡ ಕಾಯಿಗಳು ಸಾಲಾಗಿ ಜೋತುಬಿದ್ದಿರುತ್ತವೆ. ಕತ್ತಲಾಗುತ್ತಿದ್ದಂತೆ ಎಲೆ ಮಡಚಿಕೊಳ್ಳುತ್ತದೆ. ಶಿರಸಿ ಕಡೆಯ ನಮ್ಮ ಮನೆಗಳಲ್ಲಿ ಇದರ ತಂಬುಳಿ ಮಾಡುತ್ತಾರೆ. ಎಲೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿ ಸೇರಿಸಿ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು. ಯಾರಿಗಾದರೂ ಕಾಮಾಲೆ ಬಂದರೆ ಮಾತ್ರ ತಂಬುಳಿ ಸಾಲದು. ಗಿಡವನ್ನು ಬೇರುಸಮೇತ ಕಿತ್ತು, ತೊಳೆದು, ಹಾಲಿನಲ್ಲಿ ಅರೆದು ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ.

ನಾನು ಪಿಯುಸಿ ಓದುವಾಗ ದೊಡ್ಡಮ್ಮನ ಮಗನಿಗೆ ಕಾಮಾಲೆ ಬಂತು. ಕಣ್ಣು ಅರಿಶಿನ ಹಚ್ಚಿದ ಹಾಗಿತ್ತು. ಉಪ್ಪಿಲ್ಲ, ಎಣ್ಣೆ ಇಲ್ಲ, ಬರೀ ಗಂಜಿ. ದಿನಾ ಬೆಳಿಗ್ಗೆ ಒಂದು ಲೋಟ ನೆಲನೆಲ್ಲಿ ಹಾಲು. ಮೂರು ವಾರಕ್ಕೆ ಕಣ್ಣು ತಿಳಿಯಾಯಿತು. "ನೋಡಿದ್ಯಾ, ಒಂದು ಮಾತ್ರೆ ಬೇಕಾಗಲಿಲ್ಲ" ಎಂದು ದೊಡ್ಡಮ್ಮ ಹೇಳಿದ್ದು ನನಗೆ ಇನ್ನೂ ನೆನಪಿದೆ. ನಾನೂ ಪೂರ್ತಿ ನಂಬಿದ್ದೆ. ಫಾರ್ಮಸಿ ಓದಲು ಹೋದದ್ದಕ್ಕೆ ಆ ಲೋಟವೂ ಒಂದು ಕಾರಣ.

ಓದಿದ ಮೇಲೆ ತಿಳಿದದ್ದು ಇಷ್ಟು. ನಮ್ಮಲ್ಲಿ ಮಕ್ಕಳಿಗೆ, ಹುಡುಗರಿಗೆ ಬರುವ ಕಾಮಾಲೆಯಲ್ಲಿ ಹೆಚ್ಚಿನದು ಹೆಪಟೈಟಿಸ್ ಎ ವೈರಸ್‌ನಿಂದ. ಕೊಳಕು ನೀರಿನಿಂದ ಬರುತ್ತದೆ, ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ನೆಲನೆಲ್ಲಿ ಕುಡಿದವನಿಗೂ ಹೋಗುತ್ತದೆ, ಕುಡಿಯದವನಿಗೂ ಹೋಗುತ್ತದೆ. ಹಾಗಾದರೆ ಅಣ್ಣನ ಕಣ್ಣು ತಿಳಿಯಾದದ್ದು ಯಾವುದರಿಂದ? ಒಬ್ಬನನ್ನು ನೋಡಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಸಾವಿರ ಜನರನ್ನು ನೋಡಿದರೂ ಆಗುವುದಿಲ್ಲ, ಕುಡಿಯದ ಇನ್ನೊಂದು ಸಾವಿರ ಜನ ಪಕ್ಕದಲ್ಲಿ ಇಲ್ಲದಿದ್ದರೆ.

ಇವತ್ತು ಅದೇ ನೆಲನೆಲ್ಲಿ ಕ್ಯಾಪ್ಸೂಲಾಗಿ ಬರುತ್ತಿದೆ. ಜೊತೆಗೆ ಅರಿಶಿನ, ಅಮೃತಬಳ್ಳಿ, ನೆಲಬೇವು, ಗ್ರೀನ್ ಟೀ, ಅಶ್ವಗಂಧ. ಡಬ್ಬಿಯ ಮೇಲೆ 'ಆಂಟಿಆಕ್ಸಿಡೆಂಟ್', 'ಲಿವರ್ ಡಿಟಾಕ್ಸ್', 'ವೈಜ್ಞಾನಿಕವಾಗಿ ಸಾಬೀತಾಗಿದೆ' ಎಂದೆಲ್ಲ ಇರುತ್ತದೆ. ಆ ಕೊನೆಯ ಮಾತು ಎಲ್ಲಿಂದ ಬರುತ್ತದೆ, ಅದರ ಹಿಂದೆ ಇರುವ ಪ್ರಯೋಗ ಎಂಥದ್ದು ಅನ್ನುವುದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಕಮಟಾಗುವುದು

ಶೇಂಗಾ ಎಣ್ಣೆಯನ್ನು ಬಾಯಿ ತೆರೆದ ಡಬ್ಬಿಯಲ್ಲಿ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತದೆ, ಅಲ್ವಾ? ಗಾಳಿಯ ಆಮ್ಲಜನಕ ಕೊಬ್ಬನ್ನು ಮುರಿದು ಹಾಕಿದ್ದರಿಂದ ಹಾಗಾಗುತ್ತದೆ. ಬಾಳೆಹೂವನ್ನು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಹಾಕದಿದ್ದರೆ ಕಪ್ಪಾಗುವುದರ ಹಿಂದೆಯೂ ಆಮ್ಲಜನಕವೇ ಇದೆ. ನಮ್ಮ ಮೈಯೊಳಗೂ ಇದು ನಡೆಯುತ್ತಿರುತ್ತದೆ. ಪ್ರತಿ ಜೀವಕೋಶದಲ್ಲಿ ಆಹಾರ ಉರಿದು ಶಕ್ತಿಯಾಗುವಾಗ ಒಂದಿಷ್ಟು ಆಮ್ಲಜನಕ ಅರ್ಧಂಬರ್ಧ ಉಳಿದು, ಪಕ್ಕದಲ್ಲಿ ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಲು ನೋಡುತ್ತದೆ. ಇವುಗಳಿಗೇ ಫ್ರೀ ರಾಡಿಕಲ್ ಅನ್ನುತ್ತಾರೆ. ಇವು ಜೀವಕೋಶದ ಹೊರಪದರದ ಕೊಬ್ಬನ್ನು ಮುಟ್ಟಿದರೆ ಅದೂ ಕಮಟಾಗುತ್ತದೆ. ಇದು ಬರೀ ಹೋಲಿಕೆಗೆ ಹೇಳಿದ ಮಾತಲ್ಲ. ಹಳಸಿದ ಆಹಾರದಲ್ಲಿ ಕಮಟು ಎಷ್ಟಿದೆ ಎಂದು ನೋಡುವ ಗುಲಾಬಿ ಬಣ್ಣದ ಪರೀಕ್ಷೆಯನ್ನೇ ಇಲಿಯ ಲಿವರಿಗೂ ಮಾಡುತ್ತಾರೆ.

ಸುಮ್ಮನೆ ಕೂತು ಏಟು ತಿನ್ನಲು ಮೈ ಬಿಡುವುದಿಲ್ಲ. 1969ರಲ್ಲಿ ಅಮೆರಿಕದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಇಂಥ ರಾಡಿಕಲ್‌ಗಳನ್ನು ತಣ್ಣಗಾಗಿಸುವ ಕಿಣ್ವವೊಂದು ನಮ್ಮಲ್ಲೇ ಇದೆ ಎಂದು ತೋರಿಸಿದರು. ಅದರ ಜೊತೆಗೆ ಇದೇ ಕೆಲಸಕ್ಕೆ ಕೆಟಲೇಸ್ ಎಂಬ ಇನ್ನೊಂದು ಕಿಣ್ವ ಇದೆ, ಗ್ಲುಟಾಥಯೋನ್ ಎಂಬ ವಸ್ತು ಇದೆ. ಲಿವರ್‌ನಲ್ಲಂತೂ ಗ್ಲುಟಾಥಯೋನ್ ತುಂಬಿ ತುಳುಕುತ್ತಿರುತ್ತದೆ. ಕರುಳಿನಿಂದ ಹೀರಿದ್ದೆಲ್ಲ ಮೊದಲು ಅಲ್ಲಿಗೇ ಹೋಗುವುದರಿಂದ ಅದು ಬೇಕೇ ಬೇಕು. ಏಟು ಜಾಸ್ತಿಯಾಗಿ ತಡೆಯುವ ಶಕ್ತಿ ಕಡಿಮೆಯಾದರೆ ಆಗುವುದೇ ಆಕ್ಸಿಡೇಟಿವ್ ಸ್ಟ್ರೆಸ್.

ಇಲ್ಲಿಯವರೆಗೆ ಎಲ್ಲವೂ ಗಟ್ಟಿ ವಿಜ್ಞಾನ. ಮುಂದಿನ ಹೆಜ್ಜೆ ತುಂಬ ಸಹಜವಾಗಿ ಬರುತ್ತದೆ: ಹಾಗಿದ್ದರೆ ಹೊರಗಿನಿಂದ ಆಂಟಿಆಕ್ಸಿಡೆಂಟ್, ಅಂದರೆ ಫ್ರೀ ರಾಡಿಕಲ್ ತಣ್ಣಗಾಗಿಸುವ ವಸ್ತು, ತಿಂದರೆ ಅಂಗಾಂಗ ಉಳಿಯುತ್ತದೆ. ಎಡವುವುದು ಆ ಹೆಜ್ಜೆಯಲ್ಲಿ.

ನೇರಳೆ ಹಳದಿಯಾದ ದಿನ

ಎಂ.ಫಾರ್ಮಾದಲ್ಲಿ ನನ್ನ ಪ್ರಾಜೆಕ್ಟ್ ಒಂದು ಕಾಡುಗಿಡದ ಎಲೆಯ ಮೇಲೆ. ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಆಲ್ಕೋಹಾಲ್ ಹಾಕಿ ಸಾರ ಇಳಿಸಬೇಕು. ಆಲ್ಕೋಹಾಲ್ ಆರಿಸಿದ ಮೇಲೆ ತಳದಲ್ಲಿ ಕಡು ಹಸಿರು, ಅಂಟಂಟು, ಲೇಹ್ಯದಂಥ ಸಾರ ಉಳಿಯುತ್ತದೆ. ನೂರು ಗ್ರಾಂ ಪುಡಿಗೆ ನನಗೆ ಸಿಕ್ಕಿದ್ದು ಹತ್ತು ಗ್ರಾಂ ಚಿಲ್ಲರೆ.

ಮೊದಲ ಪರೀಕ್ಷೆ ಡಿಪಿಪಿಎಚ್. ಇದು ಕಡು ನೇರಳೆ ಬಣ್ಣದ ದ್ರಾವಣ, ಸ್ವತಃ ಫ್ರೀ ರಾಡಿಕಲ್. ಅದಕ್ಕೆ ಸಾರ ಬೆರೆಸಿ ಅರ್ಧ ಗಂಟೆ ಕತ್ತಲಲ್ಲಿ ಇಟ್ಟರೆ ಬಣ್ಣ ಇಳಿದು ಹಳದಿಯಾಗುತ್ತದೆ. ಆ ದಿನ ಟೆಸ್ಟ್‌ಟ್ಯೂಬ್ ಹಿಡಿದುಕೊಂಡು ನಾನು ಕಾರಿಡಾರಿನಲ್ಲಿ ಕುಣಿದಿದ್ದೆ. ಮರುದಿನ ಗೆಳತಿಯೊಬ್ಬಳು ಕ್ಯಾಂಟೀನಿನ ಚಹಾ ತಂದು ಅದೇ ದ್ರಾವಣಕ್ಕೆ ಹಾಕಿದಳು. ಅದೂ ಹಳದಿಯಾಯಿತು. ಕಾಫಿ ಡಿಕಾಕ್ಷನ್ ಹಾಕಿದರೂ ಆಯಿತು. ಎಲೆ, ತೊಗಟೆ, ಬೀಜ ಯಾವುದಾದರೂ ಸರಿ, ಒಗರು ಇರುವ ಬಹುತೇಕ ಎಲ್ಲವೂ ಈ ಪರೀಕ್ಷೆ ಪಾಸಾಗುತ್ತವೆ. ಆಹಾರಗಳಿಗೆ ಇಂಥದ್ದೇ ಅಂಕ ಕೊಟ್ಟ ಒಂದು ದೊಡ್ಡ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟಿತ್ತು. ಟ್ಯೂಬಿನ ಅಂಕಕ್ಕೂ ಮೈಯೊಳಗಿನ ಗುಣಕ್ಕೂ ಸಂಬಂಧ ತೋರಿಸಲು ಆಗುವುದಿಲ್ಲ, ಕಂಪನಿಗಳು ಜಾಹೀರಾತಿಗೆ ಬಳಸಿಕೊಳ್ಳುತ್ತಿವೆ ಎಂದು 2012ರಲ್ಲಿ ಅದನ್ನು ತೆಗೆದುಹಾಕಿತು.

ಎರಡನೆಯದು ಇಲಿ. ಆರಾರು ಇಲಿಗಳ ಐದು ಗುಂಪು. ಒಂದು ಗುಂಪಿಗೆ ಏನೂ ಇಲ್ಲ. ಒಂದಕ್ಕೆ ಬರೀ ವಿಷ, ಅಂದರೆ ಕಾರ್ಬನ್ ಟೆಟ್ರಾಕ್ಲೋರೈಡ್ ಅಥವಾ ಭಾರಿ ಪ್ರಮಾಣದ ಪ್ಯಾರಾಸಿಟಮಾಲ್. ಒಂದಕ್ಕೆ ವಿಷದ ಜೊತೆ ಸಿಲಿಮರಿನ್ ಎಂಬ ಈಗಾಗಲೇ ಹೆಸರಾದ ಗಿಡದ ಸಾರ. ಉಳಿದ ಎರಡಕ್ಕೆ ನಮ್ಮ ಸಾರ, ಕಡಿಮೆ ಮತ್ತು ಹೆಚ್ಚು ಪ್ರಮಾಣದಲ್ಲಿ. ಕೊನೆಗೆ ರಕ್ತ ತೆಗೆದು, ಲಿವರ್ ಕೆಟ್ಟಾಗ ರಕ್ತಕ್ಕೆ ಸೋರುವ ಕಿಣ್ವವಾದ ಎಸ್‌ಜಿಪಿಟಿ ನೋಡುತ್ತೇವೆ, ಲಿವರಿನ ತೆಳು ಪದರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ಇಡುತ್ತೇವೆ. ವಿಷದ ಗುಂಪಿನಲ್ಲಿ ಎಸ್‌ಜಿಪಿಟಿ ಮೇಲೆ ಹಾರಿರುತ್ತದೆ, ಸಾರದ ಗುಂಪಿನಲ್ಲಿ ಅಷ್ಟಿರುವುದಿಲ್ಲ. ನನ್ನ ಗಿಡ 'ಲಿವರ್ ರಕ್ಷಕ'ವಾಯಿತು. ಪಕ್ಕದ ಟೇಬಲಿನವನ ಗಿಡವೂ ಆಯಿತು. ಹಿಂದಿನ ವರ್ಷದವರದ್ದೂ ಆಗಿತ್ತು. ಇದು ನನ್ನನ್ನು ಬಹಳ ಕಾಡಿತು. ಎಲ್ಲ ಗಿಡವೂ ರಕ್ಷಿಸುತ್ತದೆ ಅಂದರೆ ಪರೀಕ್ಷೆಯ ಮೇಲೇ ಅನುಮಾನ ಪಡಬೇಕು.

ಅನುಮಾನಕ್ಕೆ ಎರಡು ಕಾರಣ ಸಿಕ್ಕವು. ಒಂದು, ನಾವು ಇಲಿಗೆ ಸಾರ ಕೊಡಲು ಶುರು ಮಾಡಿದ್ದು ವಿಷ ಕೊಡುವ ಏಳು ದಿನ ಮೊದಲು. ಯಾವ ಮನುಷ್ಯ ಮುಂದಿನ ಸೋಮವಾರ ಲಿವರ್ ಕೆಡುತ್ತದೆ ಎಂದು ಈಗಲೇ ಔಷಧಿ ತಗೋತಾನೆ? ಎರಡನೆಯದು ಇನ್ನೂ ಮುಖ್ಯ. ಕಾರ್ಬನ್ ಟೆಟ್ರಾಕ್ಲೋರೈಡ್ ಆಗಲಿ ಪ್ಯಾರಾಸಿಟಮಾಲ್ ಆಗಲಿ ಇದ್ದ ಹಾಗೇ ಲಿವರನ್ನು ಸುಡುವುದಿಲ್ಲ. ಲಿವರಿನ ಒಂದು ಕಿಣ್ವ ಅದನ್ನು ಮುರಿದು ಉಗ್ರ ರೂಪಕ್ಕೆ ತಂದ ಮೇಲೆ ಸುಡುತ್ತದೆ. ಗಿಡದ ಸಾರದಲ್ಲಿರುವ ಯಾವುದೋ ಒಂದು ವಸ್ತು ಆ ಕಿಣ್ವವನ್ನು ತಡೆದರೆ ವಿಷವೇ ಹುಟ್ಟುವುದಿಲ್ಲ. ಎಸ್‌ಜಿಪಿಟಿ ಏರುವುದಿಲ್ಲ. ನಾವು ಅದನ್ನು 'ಆಂಟಿಆಕ್ಸಿಡೆಂಟ್ ಗುಣ' ಎಂದು ಬರೆಯುತ್ತೇವೆ. ಅಂಥ ಸಾರವನ್ನು ಬಿಪಿ, ಫಿಟ್ಸ್ ಮಾತ್ರೆ ತಿನ್ನುವ ಮನುಷ್ಯ ತಗೊಂಡರೆ, ಅದೇ ತಡೆ ಅವನ ಮಾತ್ರೆಯ ಮೇಲೂ ಕೆಲಸ ಮಾಡಬಹುದು.

ಪ್ರಮಾಣದ ಲೆಕ್ಕವನ್ನೂ ಮಾಡಿ ನೋಡಿ. ಇಲಿಗೆ ಸಾಮಾನ್ಯವಾಗಿ ಕೊಡುವುದು ಮೈತೂಕದ ಕಿಲೋಗೆ 400 ಮಿಲಿಗ್ರಾಂ ಸಾರ. ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸಲು 6.2ರಿಂದ ಭಾಗಿಸುವುದು ರೂಢಿ. ಕಿಲೋಗೆ ಸುಮಾರು 65 ಮಿಲಿಗ್ರಾಂ ಆಯಿತು. ಅರವತ್ತು ಕಿಲೋ ಮನುಷ್ಯನಿಗೆ ದಿನಕ್ಕೆ ನಾಲ್ಕು ಗ್ರಾಂ ಹತ್ತಿರ ಸಾರ. ನೂರಕ್ಕೆ ಹತ್ತರಂತೆ ಸಾರ ಇಳಿದರೆ ದಿನಾ ನಲವತ್ತು ಗ್ರಾಂ ಒಣ ಪುಡಿ ಬೇಕು. ದೊಡ್ಡಮ್ಮ ಒಂದು ಹಿಡಿ ಹಸಿ ಗಿಡ ಅರೆಯುತ್ತಿದ್ದರು. ಡಬ್ಬಿಯ ಕ್ಯಾಪ್ಸೂಲಿನಲ್ಲಿ ಇರುವುದು ಕೆಲವು ನೂರು ಮಿಲಿಗ್ರಾಂ.

ಇನ್ನು ಹೊಟ್ಟೆಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಗಿಡಕ್ಕೆ ಒಗರು ಕೊಡುವ ಪಾಲಿಫಿನಾಲ್‌ಗಳನ್ನು ಕರುಳು ಅಷ್ಟಾಗಿ ಹೀರುವುದಿಲ್ಲ, ಹೀರಿದ್ದನ್ನು ಲಿವರ್ ಬೇಗ ಪೊಟ್ಟಣ ಕಟ್ಟಿ ಹೊರಗೆ ಕಳಿಸುತ್ತದೆ. ರಕ್ತದಲ್ಲಿ ಉಳಿಯುವುದು ಲಿವರಿನ ಸ್ವಂತ ಗ್ಲುಟಾಥಯೋನಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಕೆರೆ ತುಂಬಿರುವ ಕಡೆ ಒಂದು ಚೊಂಬು ನೀರು ಸುರಿದ ಹಾಗೆ. ಗಿಡದ ಸಾರ ಕೆಲಸ ಮಾಡುವುದೇ ಆದರೆ ಬೇರೆ ದಾರಿಯಿಂದ ಮಾಡುತ್ತಿರಬೇಕು ಎಂದು ಈಗ ಹೆಚ್ಚಿನ ವಿಜ್ಞಾನಿಗಳು ಯೋಚಿಸುತ್ತಾರೆ. ಸಾಸಿವೆ, ಅರಿಶಿನದಂಥವು ಜೀವಕೋಶವನ್ನು ಸ್ವಲ್ಪ ಕೆಣಕುತ್ತವೆ, ಕೆಣಕಿದ್ದಕ್ಕೆ ಅದು ತನ್ನದೇ ರಕ್ಷಣೆಯ ಕಿಣ್ವಗಳನ್ನು ಹೆಚ್ಚು ಮಾಡಿಕೊಳ್ಳುತ್ತದೆ ಎಂಬ ವಿವರಣೆ ನನಗೂ ಹೆಚ್ಚು ಒಪ್ಪಿಗೆ. ಆದರೆ ಇಲ್ಲೂ ಜಾಗ್ರತೆ ಬೇಕು. ಗಿಡಗಳಲ್ಲಿ ಸಿಗುವ ಓಲಿಯನೋಲಿಕ್ ಆಮ್ಲವನ್ನು ಆಧಾರವಾಗಿಟ್ಟು ಬಾರ್ಡೊಕ್ಸೊಲೋನ್ ಎಂಬ ಔಷಧಿ ಮಾಡಿದ್ದರು, ಇದೇ ರಕ್ಷಣೆಯನ್ನು ಎಬ್ಬಿಸಲು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತವರ ಮೇಲಿನ ದೊಡ್ಡ ಪ್ರಯೋಗವನ್ನು 2012ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಔಷಧಿ ತಗೊಂಡವರಲ್ಲಿ ಹೃದಯ ವೈಫಲ್ಯ ಜಾಸ್ತಿ ಕಂಡಿತು.

ಫ್ರೀ ರಾಡಿಕಲ್ ಎಂದರೆ ಬರೀ ಶತ್ರು ಎಂದುಕೊಂಡದ್ದೂ ತಪ್ಪೇ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಕೊಲ್ಲುವುದು ಅದೇ ರಾಡಿಕಲ್‌ಗಳಿಂದ. ಮಲೇರಿಯಾ ಔಷಧಿ ಆರ್ಟಿಮಿಸಿನಿನ್ ಗಿಡದಿಂದ ಬಂದದ್ದು, ಅದನ್ನು ಹುಡುಕಿದ ಚೀನಾದ ತು ಯುಯುಗೆ 2015ರಲ್ಲಿ ನೊಬೆಲ್ ಬಂತು. ಅದು ಪರಾವಲಂಬಿಯೊಳಗೆ ಫ್ರೀ ರಾಡಿಕಲ್ ಹುಟ್ಟಿಸಿಯೇ ಅದನ್ನು ಸಾಯಿಸುತ್ತದೆ. ಅಂದರೆ ಈ ಕಾಲದ ಅತಿ ದೊಡ್ಡ ಗಿಡಮೂಲಿಕೆ ಔಷಧಿಯೊಂದು ಆಂಟಿಆಕ್ಸಿಡೆಂಟಿಗೆ ಪೂರಾ ಉಲ್ಟಾ. ಇನ್ನು ಶುದ್ಧ ಆಂಟಿಆಕ್ಸಿಡೆಂಟ್ ಮಾತ್ರೆಯ ಕಥೆ ಫಿನ್‌ಲ್ಯಾಂಡಿನಲ್ಲಿ ನಡೆಯಿತು. 29 ಸಾವಿರ ಸಿಗರೇಟು ಸೇದುವ ಗಂಡಸರನ್ನು ಸೇರಿಸಿಕೊಂಡ ಪ್ರಯೋಗದ ಫಲ 1994ರಲ್ಲಿ ಬಂತು. ಬೀಟಾ ಕ್ಯಾರೊಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಎಲ್ಲರೂ ಕಡಿಮೆಯಾಗುತ್ತದೆ ಎಂದುಕೊಂಡಿದ್ದರು. ಕ್ಯಾರೆಟ್ ತಿಂದವರಿಗೆ ಹಾಗಾಗಲಿಲ್ಲ, ಮಾತ್ರೆ ತಿಂದವರಿಗೆ ಆಯಿತು.

ನೆಲನೆಲ್ಲಿ ಲ್ಯಾನ್ಸೆಟ್‌ಗೆ ಹೋದದ್ದು

ನೆಲನೆಲ್ಲಿಯನ್ನು ಯಾರೂ ಪರೀಕ್ಷೆಯೇ ಮಾಡಲಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಪರೀಕ್ಷೆ ನಡೆದಿದೆ, ಅದೂ ದೊಡ್ಡವರ ಕೈಯಲ್ಲಿ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಈ ಗಿಡದ ಮೇಲೆ ಕೆಲಸ ಮಾಡಿದರು. ಅಮೆರಿಕದ ವುಡ್‌ಚಕ್ ಎಂಬ ಪ್ರಾಣಿಗೆ ಬರುವ ಇದೇ ಜಾತಿಯ ವೈರಸ್ ಮೇಲೆ ಸಾರ ಪರಿಣಾಮ ತೋರಿಸುತ್ತದೆ ಎಂದು ಅವರ ತಂಡ 1987ರಲ್ಲಿ ಬರೆಯಿತು. ಮರುವರ್ಷ ಮದ್ರಾಸಿನ ತ್ಯಾಗರಾಜನ್ ಮತ್ತು ಜೊತೆಯವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶ ನೋಡಿ ಜಗತ್ತೇ ತಿರುಗಿ ನೋಡಿತು. ಮೂವತ್ತು ದಿನ ನೆಲನೆಲ್ಲಿ ಪುಡಿ ತಗೊಂಡ 37 ಜನರಲ್ಲಿ 22 ಜನರ ರಕ್ತದಿಂದ ಹೆಪಟೈಟಿಸ್ ಬಿಯ ಗುರುತು ಮಾಯವಾಗಿತ್ತು. ಔಷಧಿಯಿಲ್ಲದ ಸುಳ್ಳು ಮಾತ್ರೆ ತಗೊಂಡ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಇದನ್ನು ಓದಿದಾಗ ನನಗೆ ದೊಡ್ಡಮ್ಮನ ಲೋಟ ಕಣ್ಣಮುಂದೆ ಬಂತು. ಆದರೆ ಮುಂದಿನ ಪುಟಗಳೂ ಇದ್ದವು. ಥಾಯ್ಲೆಂಡಿನಲ್ಲಿ ಅದೇ ರೀತಿ ಮಾಡಿ ನೋಡಿದರು, ಫಲ ಸಿಗಲಿಲ್ಲ. ನ್ಯೂಜಿಲೆಂಡಿನಲ್ಲಿ ನೂರಕ್ಕೂ ಹೆಚ್ಚು ಜನರ ಮೇಲೆ ಮಾಡಿದರು, 1994ರಲ್ಲಿ ಬಂದ ಉತ್ತರವೂ ಅದೇ. ಆಮೇಲೆ ಬಂದ ಪ್ರಯೋಗಗಳಲ್ಲಿ ಹೆಚ್ಚಿನವು ಚಿಕ್ಕವು, ದುರ್ಬಲವಾದವು.

ಯಾಕೆ ಹೀಗಾಯಿತು? ಒಂದು ಕಾರಣ ಗಿಡದ ಗುರುತು. ಭಾರತದಲ್ಲಿ ನೆಲನೆಲ್ಲಿಗೆ ಬಹುಕಾಲ 'ನಿರೂರಿ' ಎಂಬ ವೈಜ್ಞಾನಿಕ ಹೆಸರಿಟ್ಟು ಕರೆದದ್ದು ನಿಜದಲ್ಲಿ 'ಅಮಾರಸ್' ಎಂಬ ಬೇರೆ ಜಾತಿ. ನಿಜವಾದ ನಿರೂರಿ ಅಮೆರಿಕ ಖಂಡದ್ದು. ನಮ್ಮ ಅಂಗಳದಲ್ಲೇ ನೋಡಿ, ನೆಲನೆಲ್ಲಿಯಂತೇ ಕಾಣುವ ಎರಡು ಮೂರು ಗಿಡ ಸಿಗುತ್ತವೆ. ಒಂದರ ಕಡ್ಡಿ ಕೆಂಪಗೆ, ಕಾಯಿ ಒರಟು. ಮಳೆಗಾಲದಲ್ಲಿ ಕಿತ್ತದ್ದು, ಬೇಸಿಗೆಯಲ್ಲಿ ಕಿತ್ತದ್ದು, ಬೇರು ಸೇರಿಸಿದ್ದು, ಬಿಟ್ಟದ್ದು ಎಲ್ಲದರಲ್ಲೂ ಒಳಗಿನ ರಸ ಬೇರೆ ಬೇರೆ. ಮೊದಲ ಫಲಿತಾಂಶ ಪಕ್ಕಾ ಆಗಿತ್ತೇ ಅಥವಾ ಅಷ್ಟು ಕಡಿಮೆ ಜನರಲ್ಲಿ ಆಕಸ್ಮಿಕವಾಗಿ ಬಂದಿತ್ತೇ ಎಂಬುದನ್ನು ತೀರ್ಮಾನಿಸುವಷ್ಟು ದೊಡ್ಡ, ಶಿಸ್ತಿನ ಪ್ರಯೋಗ ನಮ್ಮ ದೇಶದಲ್ಲೇ ನಡೆಯಬೇಕಿತ್ತು. ಅದರ ಬದಲು ಇಲಿಗಳ ಮೇಲೆ ಪ್ರಬಂಧಗಳು ಬಂದವು, ಮಾರುಕಟ್ಟೆಗೆ ಡಬ್ಬಿಗಳು ಬಂದವು. ನನಗೆ ಅತಿ ಹೆಚ್ಚು ಬೇಸರ ತರುವ ವಿಷಯ ಇದು. ಗಿಡಕ್ಕೆ ನ್ಯಾಯ ಸಿಗಲಿಲ್ಲ, ರೋಗಿಗೂ ಸಿಗಲಿಲ್ಲ.

ನಾನು ಇಲಿಗಳ ಮೇಲೆ ಬಳಸಿದ ಸಿಲಿಮರಿನ್ ಕಥೆಯೂ ಹೆಚ್ಚು ಬೇರೆಯಲ್ಲ. 2012ರಲ್ಲಿ ಅಮೆರಿಕದಲ್ಲಿ ಹೆಪಟೈಟಿಸ್ ಸಿ ಇರುವ 154 ಜನರಿಗೆ ಮಾಮೂಲಿಗಿಂತ ಹೆಚ್ಚು ಪ್ರಮಾಣದಲ್ಲಿ ಕೊಟ್ಟು ನೋಡಿದರು. ಸುಳ್ಳು ಮಾತ್ರೆಗಿಂತ ಮೇಲಾಗಿ ಏನೂ ಕಾಣಲಿಲ್ಲ. ಇಲಿಯಲ್ಲಿ ಅದು ಇವತ್ತಿಗೂ ಚಿನ್ನದ ಅಳತೆಗೋಲು. ಯುರೋಪಿನಲ್ಲಿ ವಿಷದ ಅಣಬೆ ತಿಂದವರಿಗೆ ಸಿಲಿಮರಿನ್ನಿನ ಒಂದು ಅಂಶವನ್ನು ನರಕ್ಕೆ ಕೊಡುತ್ತಾರೆ. ಅಣಬೆಯ ವಿಷ ಲಿವರಿನ ಜೀವಕೋಶಕ್ಕೆ ನುಗ್ಗುವ ಬಾಗಿಲನ್ನು ಅದು ಮುಚ್ಚುತ್ತದೆ ಎಂಬುದು ಅದರ ಹಿಂದಿನ ತರ್ಕ.

ಆಂಟಿಆಕ್ಸಿಡೆಂಟ್ ಲಿವರನ್ನು ಉಳಿಸಿದ ಒಂದು ನಿಜವಾದ ಉದಾಹರಣೆ ಬೇಕೆಂದರೆ ಪ್ಯಾರಾಸಿಟಮಾಲ್ ಜಾಸ್ತಿ ನುಂಗಿದವರಿಗೆ ಕೊಡುವ ಎನ್-ಅಸಿಟೈಲ್‌ಸಿಸ್ಟೀನ್ ನೋಡಿ. ಖಾಲಿಯಾದ ಗ್ಲುಟಾಥಯೋನನ್ನು ಅದು ಮತ್ತೆ ತುಂಬಿಸುತ್ತದೆ. ಎಂಟು ಗಂಟೆಯೊಳಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಯಾವ ವಿಷಕ್ಕೆ, ಎಷ್ಟು, ಯಾವಾಗ ಎಂಬುದು ಅಲ್ಲಿ ಗೊತ್ತಿದೆ. ಗಿಡದ ಸಾರಗಳಿಗೆ ನಾವು ಇನ್ನೂ ಮಾಡಬೇಕಾದ ಕೆಲಸ ಅದೇ.

ಸಾರಿನ ಅರಿಶಿನ, ಡಬ್ಬಿಯ ಅರಿಶಿನ

ಅರಿಶಿನದ ಕಥೆಯಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಅರಿಶಿನದ ಹಳದಿ ವಸ್ತು ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಪ್ರಬಲ ಆಂಟಿಆಕ್ಸಿಡೆಂಟ್. ತಿಂದರೆ ಮಾತ್ರ ರಕ್ತಕ್ಕೆ ಬರುವುದೇ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು ಆರೋಗ್ಯವಂತರಿಗೆ ಎರಡು ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗ ರಕ್ತದಲ್ಲಿ ಸಿಕ್ಕಿದ್ದು ಇಲ್ಲ ಅನ್ನುವಷ್ಟು. ಅದರ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ, ಕೊಟ್ಟಾಗ ಹೀರಿಕೆ ಶೇ 2000ದಷ್ಟು ಏರಿತು. ಇದು ಪ್ರಕಟವಾದದ್ದು 1998ರಲ್ಲಿ. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಎಷ್ಟೋ ಅರಿಶಿನದ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದಕ್ಕೆ ಮೂಲ ಇದೇ.

ಪೈಪರಿನ್ ಇದನ್ನು ಹೇಗೆ ಮಾಡುತ್ತದೆ ಎಂಬುದನ್ನು ಡಬ್ಬಿ ಹೇಳುವುದಿಲ್ಲ. ಲಿವರ್ ಮತ್ತು ಕರುಳು ಹೊರಗಿನ ವಸ್ತುಗಳನ್ನು ಪೊಟ್ಟಣ ಕಟ್ಟಿ ಕಳಿಸುವ ಕೆಲಸವನ್ನೇ ಅದು ನಿಧಾನ ಮಾಡುತ್ತದೆ. ಆಗ ಕರ್ಕ್ಯುಮಿನ್ ಉಳಿಯುತ್ತದೆ, ಬೇರೆ ಔಷಧಿಗಳೂ ಉಳಿಯುತ್ತವೆ. ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಬಿಪಿಗೆ ಕೊಡುವ ಪ್ರೊಪ್ರನಲೋಲ್ ರಕ್ತದಲ್ಲಿ ಹೆಚ್ಚಾಗುವುದನ್ನು ಅಳೆದು ತೋರಿಸಿದ್ದಾರೆ.

ಮನೆಯ ಸಾರಿನ ಲೆಕ್ಕ ಬೇರೆ. ಕಾಲು ಚಮಚ ಅರಿಶಿನ ಒಂದು ಗ್ರಾಮಿಗೂ ಕಡಿಮೆ. ಅದರಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಎಂದರೆ ಇಪ್ಪತ್ತು, ಇಪ್ಪತ್ತೈದು ಮಿಲಿಗ್ರಾಂ. ಅದೂ ನಾಲ್ಕು ಜನರ ಪಾಲು. 500 ಮಿಲಿಗ್ರಾಮಿನ, ಶೇ 95 ಶುದ್ಧಿಯ ಒಂದು ಕ್ಯಾಪ್ಸೂಲ್ ಅಂದರೆ ಒಬ್ಬನಿಗೇ 475 ಮಿಲಿಗ್ರಾಂ, ಮೇಲಿಂದ ಪೈಪರಿನ್. ಅಜ್ಜಿ ಕಾಲದಿಂದ ತಿಂದಿದ್ದೇವೆ, ಏನೂ ಆಗಿಲ್ಲ ಎಂಬ ಮಾತು ಸಾರಿಗೆ ಸರಿ. ಡಬ್ಬಿಯಲ್ಲಿ ಇರುವುದನ್ನು ಅಜ್ಜಿ ಯಾವತ್ತೂ ತಿಂದಿರಲಿಲ್ಲ.

ಅಮೆರಿಕದಲ್ಲಿ ಔಷಧಿಗಳಿಂದ ಆಗುವ ಲಿವರ್ ಹಾನಿಯನ್ನು ದಾಖಲಿಸುವ ಒಂದು ಆಸ್ಪತ್ರೆ ಜಾಲ ಇದೆ. ಅದು ಅರಿಶಿನದ ಸಪ್ಲಿಮೆಂಟಿನಿಂದ ಲಿವರ್ ಕೆಟ್ಟ ಹತ್ತು ಪ್ರಕರಣಗಳನ್ನು ವಿವರವಾಗಿ ಪ್ರಕಟಿಸಿದೆ. ಐದು ಜನ ಆಸ್ಪತ್ರೆ ಸೇರಿದ್ದರು, ಒಬ್ಬರು ತೀರಿಕೊಂಡರು. ಹತ್ತರಲ್ಲಿ ಏಳು ಜನರಲ್ಲಿ ಎಚ್‌ಎಲ್‌ಎ-ಬಿ35:01 ಎಂಬ ಒಂದೇ ವಂಶವಾಹಿ ಸಿಕ್ಕಿತು. ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ ವಂಶವಾಹಿ ಹೆಚ್ಚು. ಗಾರ್ಸಿನಿಯಾ ಕ್ಯಾಂಬೋಜಿಯಾ ತಗೊಂಡು ಕೆಟ್ಟವರಲ್ಲೂ ಅದೇ. ಮೂರು ಬೇರೆ ಬೇರೆ ಗಿಡ, ಒಂದೇ ವಂಶವಾಹಿ. ಇಂಥವರಲ್ಲಿ ರೋಗನಿರೋಧಕ ವ್ಯವಸ್ಥೆಯೇ ತಿರುಗಿ ಲಿವರಿನ ಮೇಲೆ ಬೀಳುತ್ತದೆ ಎಂದು ಇದು ಸೂಚಿಸುತ್ತದೆ. ಇಲಿಯ ಪಂಜರದಲ್ಲಿ ಇದು ಎಂದೂ ಕಾಣುವುದಿಲ್ಲ. ಆರು ಇಲಿಗಳಲ್ಲಿ ಸಿಗದ್ದು ಸಾವಿರಾರು ಮನುಷ್ಯರಲ್ಲಿ ಒಬ್ಬನಿಗೆ ಆಗುತ್ತದೆ.

ಗಾರ್ಸಿನಿಯಾ ಎಂದರೆ ದೂರದ ಯಾವುದೋ ಗಿಡ ಅನ್ನಿಸಬಹುದು. ಅದು ನಮ್ಮ ಉಪ್ಪಾಗೆ. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಮಳೆಗಾಲದಲ್ಲಿ ಜನ ಹಣ್ಣು ಆರಿಸಿ, ಸಿಪ್ಪೆಯನ್ನು ಒಲೆಯ ಮೇಲೆ ಹೊಗೆಗೆ ಒಣಗಿಸಿ ಮಾರುತ್ತಾರೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಹುಳಿಗೆ ಒಂದು ಚೂರು ಸಿಪ್ಪೆ ಹಾಕಿಕೊಂಡು ತಲೆಮಾರುಗಳಿಂದ ಉಂಡಿದ್ದೇವೆ. ಅದೇ ಸಿಪ್ಪೆ ತೂಕ ಇಳಿಸುವ ಮಾತ್ರೆಯಾಗಿ ಹೊರದೇಶದಲ್ಲಿ ಲಿವರ್ ವೈದ್ಯರ ಪಟ್ಟಿ ಸೇರಿದೆ. ಗ್ರೀನ್ ಟೀಯೂ ಹಾಗೇ. ಕಪ್ಪಿನಲ್ಲಿ ಕುಡಿದರೆ ತೊಂದರೆಯಿಲ್ಲ. ಅದರ ಮುಖ್ಯ ಅಂಶವನ್ನು ಮಾತ್ರೆಯಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ತಗೊಂಡರೆ ಲಿವರ್ ಕಿಣ್ವ ಏರುತ್ತದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು.

ಅಮೃತಬಳ್ಳಿಯ ವಿಷಯದಲ್ಲಿ ನಮ್ಮಲ್ಲೇ ದೊಡ್ಡ ಜಗಳ ನಡೆಯಿತು. ಕೊರೊನಾ ಕಾಲದಲ್ಲಿ ಮನೆ ಮನೆಯಲ್ಲಿ ಅದರ ಕಷಾಯ. 2021ರಲ್ಲಿ ಮುಂಬೈ ವೈದ್ಯರು ಅದನ್ನು ತಗೊಂಡ ಆರು ಜನರ ಲಿವರ್ ಹಾನಿಯ ಬಗ್ಗೆ ಬರೆದರು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ಪ್ರಕರಣ ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದರಂತೇ ಕಾಣುವ ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು ಎಂದಿತು. ಆ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ, ಗಿಡದ ಗುರುತು ತಪ್ಪುವುದು ನಮ್ಮಲ್ಲಿ ಮಾಮೂಲು. ಆದರೆ ಕೊಳ್ಳುವವನಿಗೆ ಇದರಿಂದ ಏನು ಸಮಾಧಾನ? ತಪ್ಪು ಬಳ್ಳಿ ಡಬ್ಬಿಗೆ ಬಂದರೂ ತಿನ್ನುವುದು ಅವನೇ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಬಳ್ಳಿ ಎಂದೇ ಅದಕ್ಕೆ ಹೆಸರು. ಮೊದಲೇ ಥೈರಾಯ್ಡ್, ಸಂಧಿವಾತದಂಥ, ಮೈಯ ರಕ್ಷಣೆಯೇ ಮೈಯ ಮೇಲೆ ಬೀಳುವ ರೋಗ ಇರುವವರು ತಿಂಗಳುಗಟ್ಟಲೆ ತಗೊಳ್ಳುವ ಮೊದಲು ಯೋಚಿಸಲೇಬೇಕು.

ಕಿಡ್ನಿಯ ಬಗ್ಗೆ ಎರಡೇ ಮಾತು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆ ತಗೊಂಡ ಎಷ್ಟೋ ಹೆಂಗಸರ ಕಿಡ್ನಿ ಕೈಕೊಟ್ಟಿತು. ಒಂದು ಚೀನೀ ಬೇರಿನ ಬದಲು ಇನ್ನೊಂದು ಬೇರು ಬೆರೆತಿತ್ತು. ನಮ್ಮ ಈಶ್ವರಿ ಬಳ್ಳಿ ಆ ಬೇರಿನ ಕುಲದ್ದೇ, ಅದೇ ವಿಷ ಅದರಲ್ಲೂ ಇದೆ. ಕೇರಳದಲ್ಲಿ ಬಿಂಬುಳಿ ರಸ ಕುಡಿದು ಹತ್ತು ಜನರ ಕಿಡ್ನಿ ನಿಂತದ್ದನ್ನು ವೈದ್ಯರು 2013ರಲ್ಲಿ ದಾಖಲಿಸಿದರು. ಕೊಲೆಸ್ಟರಾಲ್ ಇಳಿಯುತ್ತದೆ ಎಂದು ಹಸಿ ರಸ ಹಿಂಡಿ ಕುಡಿಯುವ ಅಭ್ಯಾಸ ಅಲ್ಲಿತ್ತು. ಅದರ ಆಕ್ಸಲೇಟ್ ಹರಳುಗಳು ಕಿಡ್ನಿಯಲ್ಲಿ ತುಂಬಿಕೊಂಡಿದ್ದವು. ಉಪ್ಪಿನಕಾಯಿಯ ಒಂದು ಹೋಳು ಬೇರೆ, ಲೋಟ ತುಂಬ ರಸ ಬೇರೆ.

ಡಬ್ಬಿಯ ಹಿಂಬದಿ

ಮುಂದಿನ ಸಲ ಔಷಧಿ ಅಂಗಡಿಗೆ ಹೋದಾಗ ಒಂದು ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಆಹಾರ ಸಪ್ಲಿಮೆಂಟ್ ಎಂದು ಮಾರುವುದಾದರೆ ಅದರ ಮೇಲೆ 'ಔಷಧಿಯಾಗಿ ಬಳಸಲು ಅಲ್ಲ' ಎಂದು ಅಚ್ಚು ಹಾಕುವುದು ಕಾನೂನು. ಮುಂಬದಿಯಲ್ಲಿ ದೊಡ್ಡದಾಗಿ ಲಿವರಿನ ಚಿತ್ರ, ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಆ ವಾಕ್ಯ. ಆಯುರ್ವೇದ ಔಷಧಿ ಎಂದು ಮಾರುವುದಾದರೆ 1940ರ ಔಷಧ ಕಾಯ್ದೆಯ ಬೇರೆ ಅಧ್ಯಾಯ. ಅಲ್ಲಿ ಹಳೆಯ ಗ್ರಂಥದಲ್ಲಿ ಹೇಳಿದ ಪಾಕವನ್ನು ಹಾಗೇ ಮಾಡಿದರೆ ರೋಗಿಗಳ ಮೇಲೆ ಹೊಸ ಪ್ರಯೋಗ ಮಾಡಿ ತೋರಿಸುವ ಅಗತ್ಯವಿಲ್ಲ. ಒಂದೇ ಗಿಡ ಎರಡೂ ಬಾಗಿಲಿನಿಂದ ಬರಬಹುದು. ಪ್ರತಿ ಬ್ಯಾಚಿನಲ್ಲೂ ಗಿಡದ ಗುರುತು, ಮುಖ್ಯ ಅಂಶದ ಪ್ರಮಾಣ, ಸೀಸ-ಪಾದರಸದ ಪರೀಕ್ಷೆಯ ಫಲ, ಈ ಮೂರನ್ನು ಡಬ್ಬಿಯ ಮೇಲೇ ಅಚ್ಚು ಹಾಕಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕಿಂತ ಮುಖ್ಯವಾದದ್ದು ಸಮಯ. ನಮ್ಮ ಮಲೆನಾಡು, ಕರಾವಳಿಯಲ್ಲಿ ಕಣ್ಣು ಹಳದಿಯಾಗುವುದಕ್ಕೆ ಹೆಪಟೈಟಿಸ್ ಎ ಒಂದೇ ಕಾರಣ ಅಲ್ಲ. ಗದ್ದೆ, ತೋಟದ ನೀರಿನಲ್ಲಿ ಕೆಲಸ ಮಾಡುವವರಿಗೆ ಇಲಿಜ್ವರ ಬಂದರೂ ಕಣ್ಣು ಹಳದಿಯಾಗುತ್ತದೆ. ಅದಕ್ಕೆ ಆಂಟಿಬಯೋಟಿಕ್ ಇದೆ, ಬೇಗ ಕೊಟ್ಟರೆ ಗುಣವಾಗುತ್ತದೆ, ತಡವಾದರೆ ಕಿಡ್ನಿ ಹೋಗುತ್ತದೆ, ಜೀವವೂ ಹೋಗುತ್ತದೆ. ಗರ್ಭಿಣಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಹೆಪಟೈಟಿಸ್ ಇ ಬಂದರೆ ಐದರಲ್ಲಿ ಒಬ್ಬರು ಸಾಯುವಷ್ಟು ಅಪಾಯ ಇದೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಅದೇ ಹಳದಿ. ಕಣ್ಣು ನೋಡಿ ಯಾವುದು ಎಂದು ಹೇಳಲು ಯಾರಿಗೂ ಬರುವುದಿಲ್ಲ. ಒಂದು ರಕ್ತ ಪರೀಕ್ಷೆ ಬೇಕು. ವಾಂತಿ ನಿಲ್ಲದಿದ್ದರೆ, ಮಾತು ತಡವರಿಸಿದರೆ, ಹಗಲಲ್ಲೇ ಮಂಪರು ಬಂದರೆ ಒಂದು ದಿನವೂ ಕಾಯಬಾರದು. ಇನ್ನು ಉಪ್ಪಿಲ್ಲದ, ಎಣ್ಣೆಯಿಲ್ಲದ ಕಟ್ಟುನಿಟ್ಟು ಪಥ್ಯದಿಂದ ಬಳಲಿದ ರೋಗಿ ಇನ್ನಷ್ಟು ಬಳಲುತ್ತಾನೆ ಅಷ್ಟೇ. ಹಸಿವಾದಷ್ಟು ಮಾಮೂಲಿ ಊಟ ಮಾಡಬಹುದು.

ವೈದ್ಯರಿಗೂ ಒಂದು ಮಾತು. ಗಿಡದ ಹೆಸರು ಎತ್ತಿದ ಕೂಡಲೇ ಬೈದರೆ ರೋಗಿ ಮುಂದೆ ಏನನ್ನೂ ಹೇಳುವುದಿಲ್ಲ. "ಮನೇಲಿ ಬೇರೆ ಏನಾದ್ರೂ ತಗೊಳ್ತಿದ್ದೀರಾ?" ಎಂದು ಮೆಲ್ಲಗೆ ಕೇಳಿದರೆ ಸಾಕು, ಪುಡಿ, ಕಷಾಯ, ಡಬ್ಬಿ ಎಲ್ಲ ಚೀಲದಿಂದ ಹೊರಗೆ ಬರುತ್ತವೆ.

ಕಳೆದ ಮಳೆಗಾಲ ಊರಿಗೆ ಹೋದಾಗ ಅಣ್ಣನ ಮಗಳಿಗೆ ಕಣ್ಣು ಹಳದಿಯಾಗಿತ್ತು. ಎರಡನೇ ದಿನವೇ ರಕ್ತ ಕೊಟ್ಟು ಬಂದಿದ್ದರು. ಹೆಪಟೈಟಿಸ್ ಎ ಎಂದು ವರದಿ ಬಂತು, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಾಗಿತ್ತು, ಮನೆಯಲ್ಲೇ ಇರಬಹುದು ಎಂದರು. ದೊಡ್ಡಮ್ಮನಿಗೆ ಈಗ ಎಂಬತ್ತರ ಹತ್ತಿರ. ಅಂಗಳಕ್ಕೆ ಇಳಿದು ಕಡ್ಡಿ ಮಗುಚಿ ಮಗುಚಿ ನೋಡಿ, ಕಾಯಿ ಜೋತುಬಿದ್ದ ಗಿಡಗಳನ್ನೇ ಆರಿಸಿ ತಂದರು. ಮಧ್ಯಾಹ್ನ ಅನ್ನದ ಜೊತೆ ಎಲ್ಲರಿಗೂ ತಂಬುಳಿ. ಪಾತ್ರೆಯಿಂದ ಒಂದು ಸೌಟು ಮಗುವಿನ ತಟ್ಟೆಗೆ ಬಡಿಸುವ ಮೊದಲು ಕೈ ತಡೆದು ನನ್ನ ಕಡೆ ನೋಡಿದರು.

"ಡಾಕ್ಟ್ರಿಗೆ ತಂಬ್ಳಿ ವಿಷ್ಯ ಹೇಳಿದ್ದೀರಲ್ಲ?"

ಹೇಳಿದ್ದೇವೆ ಅಂದೆ. ಬಡಿಸಿದರು.